ಮುಚ್ಚಳ ತೆಗೆಯಬಾರದು

ಪಾಟ್ ರೋಸ್ಟ್ ಅಮೆರಿಕದ ಭಾನುವಾರದ ಊಟ. ದನದ ಗಟ್ಟಿ ಮಾಂಸದ ಒಂದೇ ದೊಡ್ಡ ತುಂಡನ್ನು ಸ್ವಲ್ಪ ನೀರು, ಒಂದಿಷ್ಟು ಗೆಡ್ಡೆ ತರಕಾರಿಯ ಜೊತೆ ಮುಚ್ಚಿದ ಪಾತ್ರೆಯಲ್ಲಿ ಗಂಟೆಗಟ್ಟಲೆ ಬೇಯಿಸಿದರೆ ಅದು ತಯಾರು. ನ್ಯೂ ಇಂಗ್ಲೆಂಡಿನವರು ಯಾಂಕೀ ಪಾಟ್ ರೋಸ್ಟ್ ಎಂದು ಕರೆದು ಇದನ್ನು ತಮ್ಮ ಖಾತೆಗೆ ಬರೆದುಕೊಂಡಿದ್ದಾರೆ. ಫ್ರೆಂಚರ ಬಫ್ ಆ ಲಾ ಮೋಡ್, ಜರ್ಮನರ ಸೌಯರ್‌ಬ್ರಾಟನ್ ಇದರ ದಾಯಾದಿಗಳು. ಮನೆಮಂದಿಯೆಲ್ಲ ಚರ್ಚಿಗೆ ಹೋಗಿಬರುವಷ್ಟರಲ್ಲಿ ತನ್ನ ಪಾಡಿಗೆ ತಾನು ಬೆಂದಿರುತ್ತದೆ ಎಂಬುದೇ ಇದರ ದೊಡ್ಡ ಗುಣ. ಪ್ರವಚನ ಉದ್ದವಾದಷ್ಟೂ ಮಾಂಸ ಮೆತ್ತಗಾಗುವುದರಿಂದ, ಪಾದ್ರಿಗೂ ಅಡುಗೆಯವರಿಗೂ ಮನಸ್ತಾಪ ತರದ ಏಕೈಕ ಊಟವೂ ಇದೇ ಇರಬೇಕು.

ಮಾಂಸ ಆರಿಸುವಲ್ಲಿ ಹಣವಂತರಿಗೆ ಸೋಲು ಖಚಿತ. ಅಂಗಡಿಯ ಅತಿ ದುಬಾರಿ ಭಾಗವಾದ ಟೆಂಡರ್‌ಲಾಯ್ನ್ ಬೆನ್ನೆಲುಬಿನ ಅಡಿಯಲ್ಲಿ ಅವಿತುಕೊಂಡು ಜೀವಮಾನವಿಡೀ ಹೆಚ್ಚು ಕೆಲಸ ಮಾಡದ ಸ್ನಾಯು. ಬಿಸಿ ಕಾವಲಿಯ ಮೇಲೆ ಕೆಲವು ನಿಮಿಷ ಇಟ್ಟರೆ ಅದು ಸೊಗಸು, ಎಂಟು ಗಂಟೆ ಬೇಯಿಸಿದರೆ ತೆಂಗಿನ ನಾರು. ಪಾಟ್ ರೋಸ್ಟಿಗೆ ಬೇಕಾದದ್ದು ಚಕ್, ಅಂದರೆ ಹೆಗಲು ಮತ್ತು ಕತ್ತಿನ ಬುಡದ ಮಾಂಸ. ಮೈಭಾರ ಹೊತ್ತು, ಮೇಯಲೆಂದು ದಿನವಿಡೀ ತಲೆ ಇಳಿಸಿ ಎತ್ತಿ ದುಡಿದ ಭಾಗ ಅದು. ದುಡಿದ ಸ್ನಾಯುಗಳ ನಡುವೆ ಕೊಲಾಜೆನ್ ಎಂಬ ಬಿಗಿಯಾದ ಕಟ್ಟು ಹೆಚ್ಚು, ಅಲ್ಲಲ್ಲಿ ಕೊಬ್ಬಿನ ಎಳೆಗಳೂ ಇರುತ್ತವೆ. ಎದೆಯ ಭಾಗದ ಬ್ರಿಸ್ಕೆಟ್ ಕೂಡ ಆದೀತು. ಹಿಂದೊಡೆಯ ರೌಂಡ್ ಅಗ್ಗವೇನೋ ಹೌದು, ಆದರೆ ಕೊಬ್ಬು ಕಡಿಮೆಯಾದ್ದರಿಂದ ಒಣಗುತ್ತದೆ. ನಾಲ್ಕಾರು ಜನಕ್ಕೆ ಒಂದೂವರೆ ಕಿಲೋ ತುಂಡು ಸಾಕು.

ಈ ಮಾಂಸ ಮೆತ್ತಗಾಗುವ ಬಗೆ ಸ್ವಲ್ಪ ವಿಚಿತ್ರ. ಮೆತ್ತಗಾಗುವ ಮೊದಲು ಅದು ಇನ್ನಷ್ಟು ಗಟ್ಟಿಯಾಗುತ್ತದೆ. ಒಳಗಿನ ಶಾಖ 60 ಡಿಗ್ರಿ ಸೆಲ್ಸಿಯಸ್ ದಾಟಿದಂತೆ ಸ್ನಾಯುವಿನ ಎಳೆಗಳು ಕುಗ್ಗಿ ರಸವನ್ನೆಲ್ಲ ಹೊರಗೆ ಹಿಂಡುತ್ತವೆ. ಕೊಲಾಜೆನ್ ಕರಗಿ ಜೆಲಟಿನ್ ಆಗುವ ಕೆಲಸ ಸುಮಾರು 70 ಡಿಗ್ರಿಯಲ್ಲಿ ಬಹಳ ನಿಧಾನವಾಗಿ ಶುರುವಾಗುತ್ತದೆ. 95 ಡಿಗ್ರಿಯ ಹತ್ತಿರ ಹೋಗಿ ಒಂದಷ್ಟು ಹೊತ್ತು ನಿಂತ ಮೇಲೆಯೇ ಮಾಂಸ ಫೋರ್ಕಿಗೆ ಬಿಡಿಬಿಡಿಯಾಗಿ ಬರುವುದು. ಈ ಎರಡರ ನಡುವಿನ ಕೆಲವು ಗಂಟೆಗಳಲ್ಲಿ ರಸ ಹೋಗಿರುತ್ತದೆ, ಜೆಲಟಿನ್ ಬಂದಿರುವುದಿಲ್ಲ. ಅನುಮಾನದ ಅಡುಗೆಯವರು ಸರಿಯಾಗಿ ಇದೇ ಹೊತ್ತಿಗೆ ಚುಚ್ಚಿ ನೋಡಿ, ‘ಅಯ್ಯೋ, ಜಾಸ್ತಿ ಬೆಂದು ಗಟ್ಟಿಯಾಯಿತು’ ಎಂದು ಗಾಬರಿಯಿಂದ ಇಳಿಸಿಬಿಡುತ್ತಾರೆ. ನಿಜಕ್ಕೂ ಅದು ಬೆಂದದ್ದು ಸಾಲದೆ ಗಟ್ಟಿಯಾಗಿರುತ್ತದೆ. ಗಟ್ಟಿಯಾದ ಪಾಟ್ ರೋಸ್ಟಿಗೆ ಮದ್ದು ಒಂದೇ, ಇನ್ನೊಂದು ಗಂಟೆ. ಎಂಟು ಗಂಟೆ ಕಾದು ಹಸಿದವರಿಗೆ ಈ ಸಲಹೆ ಕೊಡುವಾಗ ಬಾಗಿಲ ಹತ್ತಿರ ನಿಂತಿರುವುದು ಕ್ಷೇಮ.

ಇಷ್ಟು ತಾಳ್ಮೆ ಮನುಷ್ಯರಿಗೆ ಇಲ್ಲದ ಕಾರಣ ಸ್ಲೋ ಕುಕ್ಕರ್ ಬಂತು. ಅದನ್ನು ರೂಪಿಸಿದವರು ಶಿಕಾಗೋದ ಇರ್ವಿಂಗ್ ನಾಕ್ಸನ್. ಅವರ ತಾಯಿಯ ಕಡೆಯವರು ಲಿಥುವೇನಿಯಾದ ಯಹೂದಿಗಳು. ಅಲ್ಲಿ ಶುಕ್ರವಾರ ಸೂರ್ಯ ಮುಳುಗಿದರೆ ಸಬ್ಬತ್ ಆರಂಭ, ಆಮೇಲೆ ಒಲೆ ಹೊತ್ತಿಸುವಂತಿಲ್ಲ. ಅದಕ್ಕೇ ಕಾಳು, ಮಾಂಸ, ಗೆಡ್ಡೆ ತುಂಬಿದ ಚೋಲೆಂಟ್ ಗಡಿಗೆಯನ್ನು ಸಂಜೆಗೆ ಮುಂಚೆಯೇ ಊರ ಬೇಕರಿಗೆ ಒಯ್ದು ಕೊಡುತ್ತಿದ್ದರು. ಆರುತ್ತಾ ಹೋಗುವ ಬ್ರೆಡ್ ಒಲೆಯ ಕಾವಿನಲ್ಲಿ ಅದು ರಾತ್ರಿಯಿಡೀ ಬೇಯುತ್ತಿತ್ತು. ತಾಯಿ ಹೇಳಿದ ಈ ಕತೆಯಿಂದ ಹೊಳೆದ ಪಾತ್ರೆಗೆ ನಾಕ್ಸನ್ 1936ರಲ್ಲಿ ಪೇಟೆಂಟ್ ಅರ್ಜಿ ಹಾಕಿದರು, 1940ರಲ್ಲಿ ಅದು ಮಂಜೂರಾಯಿತು. ಮುಂದೆ ಅದು ಕಾಳು ಬೇಯಿಸುವ ಯಂತ್ರವೆಂಬ ಹೆಸರಿನಲ್ಲೇ ಬದುಕು ಸಾಗಿಸಿತು. 1970ರಲ್ಲಿ ಕಾನ್ಸಸ್ ಸಿಟಿಯ ರೈವಲ್ ಕಂಪನಿ ನಾಕ್ಸನ್‌ರ ವ್ಯವಹಾರವನ್ನು ಕೊಂಡಿತು, ಮರುವರ್ಷ ಅದೇ ಪಾತ್ರೆಗೆ ಹೊಸ ಅಂಗಿ ತೊಡಿಸಿ ಕ್ರಾಕ್-ಪಾಟ್ ಎಂದು ಮಾರಿತು. ಕೆಲಸಕ್ಕೆ ಹೋಗುವ ಹೆಂಗಸರ ಸಂಖ್ಯೆ ಏರುತ್ತಿದ್ದ ದಶಕವದು, ವ್ಯಾಪಾರ ಜೋರಾಯಿತು. 1975ರಲ್ಲಿ ಮೇಬಲ್ ಹಾಫ್‌ಮನ್ ಬರೆದ ಪಾಕಪುಸ್ತಕವೂ ಭರ್ಜರಿಯಾಗಿ ಖರ್ಚಾಯಿತು. ಶನಿವಾರ ಬೆಂಕಿ ಮುಟ್ಟಬಾರದೆಂಬ ಯಹೂದಿಗಳ ನೇಮ ಹೀಗೆ ಕ್ರೈಸ್ತರ ಭಾನುವಾರದ ಊಟಕ್ಕೆ ಒದಗಿತು.

ಯಂತ್ರದ ಒಳಗೆ ಅಂಥ ರಹಸ್ಯವೇನಿಲ್ಲ. ಹೊರಗೊಂದು ಲೋಹದ ಕವಚ, ಅದರ ಗೋಡೆಯಲ್ಲಿ ಬಿಸಿಯಾಗುವ ತಂತಿ, ಒಳಗೆ ದಪ್ಪ ಪಿಂಗಾಣಿ ಪಾತ್ರೆ, ಮೇಲೆ ಗಾಜಿನ ಮುಚ್ಚಳ. ದೊಡ್ಡ ಗಾತ್ರದ್ದೂ 200ರಿಂದ 300 ವಾಟ್ ವಿದ್ಯುತ್ತಿನಲ್ಲಿ ಸಂಸಾರ ತೂಗಿಸುತ್ತದೆ. ಲೋ, ಹೈ ಎಂಬ ಎರಡು ಗುರುತುಗಳಿದ್ದರೂ ಬಹುತೇಕ ಕುಕ್ಕರುಗಳಲ್ಲಿ ಎರಡೂ ಕೊನೆಗೆ ಮುಟ್ಟುವುದು ಕುದಿಯುವುದಕ್ಕೆ ತುಸು ಕೆಳಗಿನ ಅದೇ ಶಾಖವನ್ನು. ಒಂದು ಬೇಗ ಮುಟ್ಟುತ್ತದೆ, ಇನ್ನೊಂದು ತಡವಾಗಿ. ಕರ್ನಾಟಕದಲ್ಲಿ ಕುಕ್ಕರ್ ಎಂದರೆ ಕೂಗುವ ಕುಕ್ಕರ್. ಅದು ಹಬೆಯನ್ನು ಒತ್ತಿ ಹಿಡಿದು 120 ಡಿಗ್ರಿಯವರೆಗೆ ಏರಿಸಿ ಇದೇ ಕೆಲಸವನ್ನು ಒಂದು ಗಂಟೆಯ ಆಸುಪಾಸಿನಲ್ಲಿ ಮುಗಿಸುತ್ತದೆ. ಕೂಗಿನ ಲೆಕ್ಕದಲ್ಲೇ ಅಡುಗೆ ಕಲಿತು ಅಮೆರಿಕಕ್ಕೆ ಹೋದ ಕನ್ನಡಿಗರಿಗೆ ಸ್ಲೋ ಕುಕ್ಕರಿನ ಮೌನ ಕಂಗಾಲು ಮಾಡುತ್ತದೆ. ಒಳಗೆ ಏನಾದರೂ ನಡೆಯುತ್ತಿದೆಯೋ ಇಲ್ಲವೋ ಎಂದು ಕೈಯಿಟ್ಟು ಮುಟ್ಟಿ ನೋಡುವವರೂ ಉಂಟು. ಅಂಥವರು ಕೂಗುವ ಕುಕ್ಕರಿನ ಅಭ್ಯಾಸದಲ್ಲಿ ಹಸಿ ರಾಜ್ಮಾವನ್ನು ಇದರಲ್ಲಿ ನೇರವಾಗಿ ಹಾಕಬಾರದು. ಅದರಲ್ಲಿರುವ ವಿಷದಂಶ ಮಂದ ಶಾಖಕ್ಕೆ ಸಾಯುವುದಿಲ್ಲ. ನೆನೆಸಿ, ಆ ನೀರು ಚೆಲ್ಲಿ, ಬೇರೆ ನೀರಿನಲ್ಲಿ ಅರ್ಧ ಗಂಟೆ ಕೊತಕೊತ ಕುದಿಸಿದ ಮೇಲೆಯೇ ಹಾಕುವುದು.

ಪಾಟ್ ರೋಸ್ಟಿನ ಕೆಲಸ ಮಾಂಸ ಒರೆಸುವುದರಿಂದ ಶುರು. ಮೇಲ್ಮೈ ಒದ್ದೆಯಿದ್ದರೆ ಕೆಂಪಗಾಗುವುದಿಲ್ಲ. ಉಪ್ಪು, ಮೆಣಸಿನ ಪುಡಿ ಸವರಿ, ಚೆನ್ನಾಗಿ ಕಾದ ಕಬ್ಬಿಣದ ಬಾಣಲೆಯಲ್ಲಿ ಎಣ್ಣೆ ಹಾಕಿ ಒಂದೊಂದು ಮಗ್ಗುಲನ್ನೂ ನಾಲ್ಕೈದು ನಿಮಿಷ ಕಂದು ಬಣ್ಣ ಬರುವಂತೆ ಹುರಿಯಬೇಕು. ಎಲ್ಲವೂ ಒಂದೇ ಪಾತ್ರೆಯಲ್ಲಿ ಆಗುತ್ತದೆಂದು ನಂಬಿ ಯಂತ್ರ ಕೊಂಡವರಿಗೆ ಇದು ನಂಬಿಕೆದ್ರೋಹ. ಪಾಕವಿಧಾನದ ಮೊದಲ ಸಾಲು ‘ಎಲ್ಲವನ್ನೂ ಕುಕ್ಕರಿಗೆ ಹಾಕಿ’ ಎನ್ನುತ್ತದೆ, ಎರಡನೆಯದು ‘ಅದಕ್ಕೂ ಮೊದಲು ಬೇರೆ ಬಾಣಲೆಯಲ್ಲಿ’ ಎಂದು ರಾಗ ಎಳೆಯುತ್ತದೆ. ಹಾಗೆಂದು ಈ ಹೆಜ್ಜೆ ಬಿಡುವಂತಿಲ್ಲ. 1912ರಲ್ಲಿ ಫ್ರೆಂಚ್ ರಸಾಯನಶಾಸ್ತ್ರಜ್ಞ ಮಯಾರ್ ವಿವರಿಸಿದ ಕಂದಾಗುವ ಕ್ರಿಯೆ ಚುರುಕಾಗಲು 140 ಡಿಗ್ರಿಯಷ್ಟು ಶಾಖ ಬೇಕು, ಸ್ಲೋ ಕುಕ್ಕರ್ ನೂರನ್ನೂ ದಾಟುವುದಿಲ್ಲ. ಹುರಿದರೆ ಮಾಂಸದ ರಸ ಒಳಗೇ ಬೀಗ ಹಾಕಿದಂತೆ ಉಳಿಯುತ್ತದೆ ಎಂದು ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನಿಯ ಲೀಬಿಗ್ ಹೇಳಿದ ಮಾತನ್ನು ಇಂದಿಗೂ ಅಡುಗೆಯವರು ಹೇಳುತ್ತಾರೆ. ಅದು ಸುಳ್ಳು. ರಸ ಹೋಗುವುದು ಹೋಗಿಯೇ ಹೋಗುತ್ತದೆ, ಹುರಿಯುವುದು ಕೇವಲ ರುಚಿಗೆ.

ಕುಕ್ಕರಿನ ತಳಕ್ಕೆ ಈರುಳ್ಳಿ, ಕ್ಯಾರೆಟ್, ಆಲೂಗಡ್ಡೆ, ಅದರ ಮೇಲೆ ಮಾಂಸ. ಮಾಂಸವೇ ಕರಗುವ ಶಾಖದಲ್ಲಿ ಆಲೂಗಡ್ಡೆ ಬೇಯದೆ ಉಳಿಯುವುದು ಈ ಅಡುಗೆಯ ಅವಮಾನಗಳಲ್ಲಿ ಒಂದು. ಗೆಡ್ಡೆಗಳನ್ನು ಹಿಡಿದಿಡುವ ಪೆಕ್ಟಿನ್ ಸಡಿಲವಾಗಲು ಹೆಚ್ಚು ಶಾಖ ಕೇಳುತ್ತದೆ. ಅದಕ್ಕೇ ಅವು ಬಿಸಿಗೆ ತಾಗಿಕೊಂಡು ಕೆಳಗಿರಬೇಕು. ಬಾಣಲೆಗೆ ಅಂಟಿದ್ದನ್ನು ಒಂದು ಕಪ್ ಮಾಂಸದ ಸಾರಿನಲ್ಲಿ ಕೆರೆದು ಮೇಲೆ ಸುರಿದರೆ ದ್ರವ ಮುಗಿಯಿತು. ಮುಚ್ಚಳದಿಂದ ಹಬೆ ಹೊರಹೋಗುವುದು ಅತ್ಯಲ್ಪ, ಮಾಂಸವೂ ತನ್ನ ಪಾಲಿನ ನೀರು ಬಿಡುತ್ತದೆ. ಮುಳುಗುವಷ್ಟು ನೀರು ಹಾಕಿದವರಿಗೆ ಸಂಜೆ ಸಿಗುವುದು ನೀರಿನಲ್ಲಿ ಬೆಂದ ಮಾಂಸ. ಫ್ರೀಜರಿನಿಂದ ತೆಗೆದ ಕಲ್ಲಿನಂಥ ತುಂಡನ್ನು ಹಾಗೇ ಇಡಲೂಬಾರದು. 4ರಿಂದ 60 ಡಿಗ್ರಿಯ ನಡುವೆ ಬ್ಯಾಕ್ಟೀರಿಯಾಗಳಿಗೆ ಸುಗ್ಗಿ, ಹೆಪ್ಪುಗಟ್ಟಿದ ಮಾಂಸ ಆ ಹಂತದಲ್ಲಿ ಬಹಳ ಹೊತ್ತು ಕಳೆಯುತ್ತದೆ.

ಇದೇ ಕುಟುಂಬದಲ್ಲಿ ಮಿಸಿಸಿಪಿ ರೋಸ್ಟ್ ಎಂಬ ಪುಂಡ ಮಗನೊಬ್ಬನಿದ್ದಾನೆ. ಮಿಸಿಸಿಪಿ ರಾಜ್ಯದ ರಿಪ್ಲಿ ಊರಿನ ಗೃಹಿಣಿಯೊಬ್ಬರಿಂದ ಬಂದ ಈ ಬಗೆಯಲ್ಲಿ ಮಾಂಸದ ಮೇಲೆ ಒಂದು ಪೊಟ್ಟಣ ರ್‍ಯಾಂಚ್ ಪುಡಿ, ಒಂದು ಪೊಟ್ಟಣ ಗ್ರೇವಿ ಪುಡಿ, ಒಂದು ಗಡ್ಡೆ ಬೆಣ್ಣೆ, ನಾಲ್ಕಾರು ಉಪ್ಪಿನಕಾಯಿ ಹಾಕಿದ ಮೆಣಸಿನಕಾಯಿ. ಪಾಕಪಂಡಿತರು ಮೂಗು ಮುರಿಯುತ್ತಾರೆ, ತಟ್ಟೆ ಮಾತ್ರ ಖಾಲಿಯಾಗಿರುತ್ತದೆ.

ಇನ್ನುಳಿದದ್ದು ಲೋ ಗುರುತಿನಲ್ಲಿ ಎಂಟರಿಂದ ಹತ್ತು ಗಂಟೆ, ಹೈ ಗುರುತಿನಲ್ಲಿ ಐದಾರು ಗಂಟೆ ಸುಮ್ಮನಿರುವುದು. ಇಡೀ ಅಡುಗೆಯಲ್ಲಿ ಕಠಿಣ ಭಾಗವೆಂದರೆ ಇದು. ಒಮ್ಮೆ ಮುಚ್ಚಳ ತೆಗೆದರೆ ಕೂಡಿಟ್ಟ ಶಾಖ ಹಾರಿಹೋಗಿ, ಅದನ್ನು ಮತ್ತೆ ಸಂಪಾದಿಸಲು ಇಪ್ಪತ್ತರಿಂದ ಮೂವತ್ತು ನಿಮಿಷ ಹಿಡಿಯುತ್ತದೆ. ತೆಗೆಯದೆಯೇ ನೋಡಲಿ ಎಂದು ಗಾಜಿನ ಮುಚ್ಚಳ ಕೊಟ್ಟಿದ್ದಾರೆ, ಆದರೆ ಅದರ ಒಳಮೈಗೆ ಹಬೆ ಕಟ್ಟಿಕೊಂಡು ಏನೂ ಕಾಣದು. ಮನೆಯಲ್ಲಿ ನಾಲ್ಕು ಜನರಿದ್ದು ಒಬ್ಬೊಬ್ಬರೂ ಒಮ್ಮೊಮ್ಮೆ ‘ಸುಮ್ಮನೆ ನೋಡಿದೆ’ ಎಂದರೆ ಊಟ ಎರಡು ಗಂಟೆ ಮುಂದೆ ಹೋಗುತ್ತದೆ, ಆಮೇಲೆ ತಡವಾಯಿತೆಂದು ಗೊಣಗುವವರೂ ಆ ನಾಲ್ವರೇ. ಯಂತ್ರವನ್ನು ನಂಬಿ ಮನೆ ಬಿಟ್ಟುಹೋಗಲು ಹೆದರುವವರು ಬೇರೆ. 2018ರ ಜನವರಿಯಲ್ಲಿ ‘ದಿಸ್ ಈಸ್ ಅಸ್’ ಎಂಬ ಅಮೆರಿಕದ ಧಾರಾವಾಹಿಯಲ್ಲಿ ಹಳೆಯ ಸ್ಲೋ ಕುಕ್ಕರಿನ ಕೆಟ್ಟ ಸ್ವಿಚ್ಚಿನಿಂದ ಮನೆಗೆ ಬೆಂಕಿ ಬಿದ್ದಾಗ, ತಮ್ಮ ಪಾತ್ರೆ ಸುರಕ್ಷಿತವೆಂದು ಕ್ರಾಕ್-ಪಾಟ್ ಕಂಪನಿಯೇ ಹೇಳಿಕೆ ಕೊಡಬೇಕಾಯಿತು. ಕಟ್ಟುಕತೆಯ ಬೆಂಕಿಯನ್ನೂ ನಿಜವಾದ ನೀರಿನಿಂದಲೇ ಆರಿಸಬೇಕಾದ ಕಾಲ.

ಬೆಂದಿದೆಯೇ ಎಂದು ತಿಳಿಯಲು ಫೋರ್ಕ್ ಚುಚ್ಚಿ ತಿರುಗಿಸಬೇಕು. ತಕರಾರಿಲ್ಲದೆ ತಿರುಗಿದರೆ ಆಯಿತು. ತೆಗೆದು ಹದಿನೈದು ನಿಮಿಷ ಬಿಟ್ಟು, ಎಳೆಗಳಿಗೆ ಅಡ್ಡಲಾಗಿ ಹೆಚ್ಚುವುದು ಕ್ರಮ. ಹೆಚ್ಚಲು ಹೋದಾಗ ಪುಡಿಯಾದರೆ ಎರಡು ಫೋರ್ಕಿನಿಂದ ಎಳೆಎಳೆಯಾಗಿ ಬಿಡಿಸಿ, ಹಾಗೇ ಮಾಡಬೇಕೆಂದಿತ್ತು ಎನ್ನುವುದು ವಾಡಿಕೆ. ಉಳಿದ ರಸದ ಮೇಲಿನ ಕೊಬ್ಬು ತೆಗೆದು, ತಣ್ಣೀರಿನಲ್ಲಿ ಕಲಸಿದ ಕಾರ್ನ್‌ಫ್ಲೋರ್ ಸೇರಿಸಿ ಇನ್ನೊಂದು ಪಾತ್ರೆಯಲ್ಲಿ ಕುದಿಸಿದರೆ ಗ್ರೇವಿ. ತೊಳೆಯುವ ಪಾತ್ರೆಗಳು ಈಗ ಮೂರಾದವು.

ಮಿಕ್ಕದ್ದನ್ನು ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಬೇಕು. ಮಾರನೆಯ ದಿನ ರಸ ಜೆಲಟಿನ್‌ನಿಂದ ಗಟ್ಟಿಯಾಗಿ ನಿಂತಿರುತ್ತದೆ, ಕೊಬ್ಬು ಮೇಲೆ ಬಿಲ್ಲೆಗಟ್ಟಿ ಸುಲಭವಾಗಿ ಎದ್ದುಬರುತ್ತದೆ. ಎರಡನೆಯ ದಿನದ ರುಚಿ ಮೊದಲ ದಿನಕ್ಕಿಂತ ಮೇಲು ಎಂಬ ವಾದಕ್ಕೆ ಮೊದಲ ದಿನ ಸಾಕಾಗುವಷ್ಟು ಸಿಗದವರ ಬೆಂಬಲವಿದೆ. ಮತ್ತೆ ಬಿಸಿ ಮಾಡುವುದು ಒಲೆಯ ಮೇಲೆಯೇ, ಸ್ಲೋ ಕುಕ್ಕರಿನಲ್ಲಲ್ಲ. ಅದು ಬಿಸಿಯಾಗುವ ನಿಧಾನಕ್ಕೆ ಬ್ಯಾಕ್ಟೀರಿಯಾಗಳು ಮೊದಲ ಪಂಕ್ತಿಯಲ್ಲೇ ಕೂತಿರುತ್ತವೆ.

ಪಿಂಗಾಣಿ ಪಾತ್ರೆಯನ್ನು ತೊಳೆಯುವ ಮುನ್ನ ಪೂರ್ತಿ ಆರಲು ಬಿಡಬೇಕು. ಬಿಸಿ ಪಾತ್ರೆಗೆ ತಣ್ಣೀರು ಬಿದ್ದರೆ ಟಪ್ಪನೆ ಸೀಳುತ್ತದೆ. ಹತ್ತು ಗಂಟೆ ಕಾದವರು ಕೊನೆಯ ಅರ್ಧ ಗಂಟೆಗೆ ಅವಸರ ಮಾಡುವುದು ಇಲ್ಲೇ. ಒಳಪಾತ್ರೆಯೊಂದನ್ನೇ ಬಿಡಿಯಾಗಿ ಕೊಳ್ಳಲು ಬರುತ್ತದೆ. ಅದರ ಬೆಲೆ ಕೇಳಿದವರು ಸಾಮಾನ್ಯವಾಗಿ ಹೊಸ ಕುಕ್ಕರನ್ನೇ ತಂದುಬಿಡುತ್ತಾರೆ.