ಸರ್ವರ್ ಡೌನ್

(2017ರ ಆಗಸ್ಟ್. ಮಾಟುಂಗದ ಉಡುಪಿ ಹೋಟೆಲು. ಪರೀಕ್ಷೆಯ ಫಲಿತಾಂಶ ತಡವಾದ್ದಕ್ಕೆ ಮುಂಬೈ ವಿಶ್ವವಿದ್ಯಾಲಯದ ಕುಲಪತಿಗಳು ವಜಾ ಆಗಲು ಇನ್ನೂ ಎರಡು ತಿಂಗಳಿದೆ.)

ಶೆಟ್ಟರು: ಏನು ಮಾಸ್ಟ್ರೇ, ಪೇಪರ್ ತಿದ್ದುವುದು ಬಿಟ್ಟು ಇಲ್ಲಿ?

ಮಾಸ್ತರು: ಈ ಸಲ ಎಲ್ಲ ಆನ್‌ಲೈನ್ ಶೆಟ್ರೇ. ಸರ್ವರ್ ಡೌನ್.

ಶೆಟ್ಟರು: ನಮ್ಮ ಸರ್ವರೂ ಊರಿಗೆ ಹೋದವ ಬರ್ಲೇ ಇಲ್ಲ. ನಾನೇ ಇಡ್ಲಿ ಬಡಿಸ್ತಿದ್ದೇನೆ. ನಿಮಗೆ ಕೈಯಲ್ಲಿ ತಿದ್ಲಿಕ್ಕೆ ಬರೂದಿಲ್ವಾ?

ಮಾಸ್ತರು: ಬರ್ತದೆ. ಆದ್ರೆ ಕೈಯಲ್ಲಿ ತಿದ್ದಿದ್ರೆ ತಡ ಆಗ್ತದಂತೆ.

ಶೆಟ್ಟರು: ಓಹೋ, ಬೇಗ ಆಗ್ಲಿ ಅಂತ ಕಾಯ್ತಾ ಇದ್ದೀರಿ! ರಾಜ್ಯಪಾಲರ ಗಡುವು ಜುಲೈ 31 ಅಲ್ವಾ?

ಮಾಸ್ತರು: ಹೌದು. ಗಡುವು ಸರಿಯಾದ ಸಮಯಕ್ಕೇ ಬಂತು. ಫಲಿತಾಂಶ ಬರ್ಲಿಲ್ಲ. ಈಗ ನಾಗಪುರದ ಮಾಸ್ತರುಗಳೂ ತಿದ್ದಿಕೊಡ್ತಾ ಇದ್ದಾರೆ.

ಶೆಟ್ಟರು: ನಾಗಪುರದ ಕಿತ್ತಳೆಯಾದ್ರೂ ಬೇಗ ಬರ್ತದೆ ಮಾರಾಯ್ರೆ. ಅಲ್ಲ, ನನ್ನ ಮಗಳು ಮೂರು ಗಂಟೆ ಕೂತು ಬರೆದದ್ದಕ್ಕೆ ಗೈರುಹಾಜರಿ ಅಂತ ಬಂದಿದೆ!

ಮಾಸ್ತರು: ಆಫ್‌ಲೈನ್‌ನಲ್ಲಿ ಹಾಜರಿದ್ದಳಲ್ಲ, ಅದು ಕಂಪ್ಯೂಟರಿಗೆ ಕಾಣೂದಿಲ್ಲ.

ಶೆಟ್ಟರು: ಮತ್ತೆ ಪಾಠ?

ಮಾಸ್ತರು: ವಾಟ್ಸಾಪಲ್ಲಿ ನೋಟ್ಸ್ ಹಾಕಿದ್ದೇನೆ. ಎಲ್ಲರದ್ದೂ ಎರಡೆರಡು ನೀಲಿ ಟಿಕ್ ಬಿದ್ದಿದೆ.

ಶೆಟ್ಟರು: ಟಿಕ್ ಬಿದ್ದಾಯ್ತಲ್ಲ! ಒಂದಕ್ಕೆ ಎರಡು ಮಾರ್ಕಿನಂತೆ ಕೂಡಿಸಿ ಕಳಿಸಿಬಿಡಿ. ಕಾಫಿ ತರ್ತೇನೆ, ಸರ್ವರ್ ನಾನೇ.