ಕಾಟಾ ದಾಟಿದ ಮೇಲೆ ಕರೆಂಟು

ಬೈಲಹೊಂಗಲದ ಕಡೆ ಹತ್ತಿ ಬಿಡಿಸಿದ ಮೇಲೆ ಹೊಲದಲ್ಲಿ ಉಳಿಯುವ ಕಟಗಿ ಬಲು ಮಾಯಾವಿ. ಅವ್ವ ಅದನ್ನು ಹೊರೆ ಕಟ್ಟಿ ತಂದು ಒಲೆಗಿಟ್ಟು ರೊಟ್ಟಿ ಬಡಿದರೆ ಅದು ಹೊಗೆ, ಕೆಮ್ಮು, ಹಿಂದುಳಿದವರ ಲಕ್ಷಣ. ಅದನ್ನು ಬಿಡಿಸಲೆಂದೇ 2016ರಲ್ಲಿ ಉಜ್ವಲಾ ಸಿಲಿಂಡರ್ ಬಂತು. ಅಪ್ಪ ಬದುವಿಗೆ ಗುಡ್ಡೆ ಹಾಕಿ ಕಡ್ಡಿ ಗೀರಿದರೆ ಪರಿಸರದ್ರೋಹ. ಅದೇ ಕಟಗಿ ಪೆಲೆಟ್ ಆಗಿ ಬಾಯ್ಲರಿಗೆ ಬಿದ್ದರೆ ಮಾತ್ರ ಹಸಿರು ಇಂಧನ. ಬಾಯ್ಲರಿನ ಬೆಂಕಿ ಒಲೆಗಿಂತ ಶುದ್ಧ ಎಂಬುದನ್ನು ಒಪ್ಪೋಣ. ಚಿಮಣಿಗೆ ಎತ್ತರವಿದೆ, ಅವ್ವನಿಗಿಲ್ಲ.

2021ರ ಅಕ್ಟೋಬರಿನಲ್ಲಿ ಕೇಂದ್ರ ಇಂಧನ ಸಚಿವಾಲಯ ಕಲ್ಲಿದ್ದಲ ಸ್ಥಾವರಗಳಿಗೆ ಒಂದು ನೀತಿ ಹೊರಡಿಸಿತು: ಕಲ್ಲಿದ್ದಲಿನ ಜೊತೆ ಶೇ 5ರಷ್ಟು ಬೆಳೆಯುಳಿಕೆಯ ಪೆಲೆಟ್ ಸುಡಿ. ನಮ್ಮ ಪಕ್ಕದ ಜಿಲ್ಲೆಯಲ್ಲೇ 2,400 ಮೆಗಾವಾಟಿನ ಕೂಡಗಿ ಸ್ಥಾವರವಿದೆ. ಆದರೆ ಈ ನೀತಿಯ ಕಣ್ಣೆಲ್ಲ ಪಂಜಾಬಿನ ಮೇಲೆ. ಅಲ್ಲಿಯ ಭತ್ತದ ಕೂಳೆಯ ಹೊಗೆ ನವೆಂಬರಿನಲ್ಲಿ ದಿಲ್ಲಿಯವರ ಮೂಗಿಗೆ ಹೋಗುತ್ತದೆ. ಸವದತ್ತಿಯ ಹೊಗೆ ಬಹಳವೆಂದರೆ ಯಲ್ಲಮ್ಮನ ಗುಡ್ಡ ಹತ್ತೀತು. ಮೂಗಿನ ವಿಳಾಸ ಸರಿಯಿಲ್ಲದ ಹೊಗೆಗೆ ಯೋಜನೆ ಬೇಗ ಸಿಗುವುದಿಲ್ಲ.

ಹಾಗೂ ಯಾರಾದರೂ ಸಾಹೇಬರು ಬಂದರೆನ್ನಿ, ಮಾತುಕತೆ ಹೀಗೆ ಸಾಗುತ್ತದೆ.

‘ಕಾಕಾ, ನಿಮ್ಮ ಹೊಲದಾಗ ಬಂಗಾರ ಬಿದ್ದೈತಿ.’

‘ಹೌದೇನ್ರಿ? ಟನ್ನಿಗೆ ಎಷ್ಟ ಕೊಡ್ತೀರಿ?’

‘ರೊಕ್ಕಾ ಆಮ್ಯಾಲ ನೋಡೂಣು. ಮೊದಲ ನೀವ ಕಿತ್ತು, ಒಣಗಿಸಿ, ಟ್ರ್ಯಾಕ್ಟರ್‌ದಾಗ ಹೇರ್ಕೊಂಡು ತಂದು ಹಾಕ್ರಿ. ಹೊಲಾ ಸ್ವಚ್ಛ ಆಗತೈತಿ, ಅದ ಲಾಭ.’

ಹತ್ತಿಕಟಗಿ ಟ್ರೇಲರಿನ ತುಂಬ ಗುಡ್ಡದಂತೆ ಕಾಣುತ್ತದೆ, ತೂಕಕ್ಕೆ ಹಾಕಿದರೆ ಮುಳ್ಳು ಅಲುಗುವುದಿಲ್ಲ. ಡೀಸೆಲ್ ಮಾತ್ರ ಪೂರ್ತಿ ಕುಡಿಯುತ್ತದೆ. ಬೆಳೆಯುಳಿಕೆಯ ವಿದ್ಯುತ್ತು ದೇಶದಲ್ಲಿ ಮುಗ್ಗರಿಸುವುದು ಬಾಯ್ಲರಿನಲ್ಲಲ್ಲ, ಈ ಸಾಗಾಣಿಕೆಯಲ್ಲಿ. ಇನ್ನು ಲೆಕ್ಕದ ಹಾಳೆಯಲ್ಲಿ ಜೋಳದ ಕಣಕಿಯೂ ‘ಹೆಚ್ಚುವರಿ ತ್ಯಾಜ್ಯ’ ಎಂದು ಕೂತಿದ್ದರೆ, ಅದನ್ನು ರಾಮದುರ್ಗದ ಎತ್ತುಗಳ ಮುಂದೆ ಓದಿ ಹೇಳುವ ಧೈರ್ಯವಂತರು ಬೇಕು.

ಕಬ್ಬಿನ ರವದಿಯದು ಇನ್ನೊಂದು ಕತೆ. ಒಂದು ಇಲಾಖೆ ಹೇಳುತ್ತದೆ: ಸುಡಬೇಡಿ, ಪುಡಿ ಮಾಡಿ ಸಾಲಿನಲ್ಲೇ ಹರವಿ, ನೆಲಕ್ಕೆ ಗೊಬ್ಬರ. ಕೃಷಿ ವಿಜ್ಞಾನಿಗಳ ಮಾತು, ಸರಿಯಾದ ಮಾತು. ಇನ್ನೊಂದು ಇಲಾಖೆ ಹೇಳುತ್ತದೆ: ನೀವು ಸುಡಬೇಡಿ, ಇತ್ತ ಕೊಡಿ, ನಾವು ಸುಡುತ್ತೇವೆ. ರೈತ ಇಬ್ಬರಿಗೂ ತಲೆಯಾಡಿಸಿ, ಕಬ್ಬು ಕಡಿಯುವ ಗ್ಯಾಂಗು ಎದ್ದುಹೋದ ರಾತ್ರಿ ಕಡ್ಡಿ ಗೀರುತ್ತಾನೆ. ಗೀರದೆ ಏನು ಮಾಡಿಯಾನು? ಪುಡಿ ಮಾಡುವ ಯಂತ್ರದ ಬಾಡಿಗೆ ಎರಡೂ ಇಲಾಖೆಗಳ ಭಾಷಣದಲ್ಲಿಲ್ಲ.

ಹಾಗಾದರೆ ಈ ಸೀಮೆಯಲ್ಲಿ ಬೆಳೆಯುಳಿಕೆಯಿಂದ ಕರೆಂಟು ಆಗಿಯೇ ಇಲ್ಲವೇ? ಧಾರಾಳ ಆಗಿದೆ, ಸಕ್ಕರೆ ಕಾರ್ಖಾನೆಯೊಳಗೆ. ಟನ್ ಕಬ್ಬು ಅರೆದರೆ ಹಸಿಹಸಿಯಾಗಿ 300 ಕೆ.ಜಿ. ಹತ್ತಿರ ಸಿಪ್ಪೆ. ಅದನ್ನು ಉರಿಸಿಯೇ ಕಾರ್ಖಾನೆ ಓಡುತ್ತದೆ. ಸಹವಿದ್ಯುತ್ ಘಟಕವಿದ್ದಲ್ಲಿ ಮಿಕ್ಕದ್ದು ಗ್ರಿಡ್ಡಿಗೆ. ರವದಿ ಜಾಸ್ತಿ ಎಂದು ಕಾಟಾದ ಮೇಲೆ ತೂಕ ಮುರಿದುಕೊಳ್ಳುವವರಿಗೆ ಒಳಗೆ ಹೋದ ಮೇಲೆ ಕಬ್ಬಿನ ನಾರಿನ ಮೇಲೆ ಎಷ್ಟು ಪ್ರೀತಿ! ದರ ಕಟ್ಟುವುದು ಸಕ್ಕರೆ ಇಳುವರಿ ನೋಡಿ. ಸಿಪ್ಪೆ ಉರಿದು ಯೂನಿಟ್ಟಾದದ್ದು ರೈತನ ಚೀಟಿಯಲ್ಲಿ ಕಾಣುವುದಿಲ್ಲ.

2012ರಲ್ಲಿ ರಂಗರಾಜನ್ ಸಮಿತಿ, ಸಿಪ್ಪೆ, ಕಾಕಂಬಿ, ಪ್ರೆಸ್‌ಮಡ್ಡಿನ ಆದಾಯವನ್ನೂ ಸೇರಿಸಿ ಶೇ 70 ರೈತನಿಗೆ ಕೊಡಿ ಎಂದಿತು. ಕರ್ನಾಟಕ 2013ರಲ್ಲಿ ಕಾನೂನನ್ನೂ ಮಾಡಿತು, ಮಂಡಳಿಯನ್ನೂ ಮಾಡಿತು. ಇಷ್ಟಾದ ಮೇಲೂ 2025ರ ನವೆಂಬರಿನಲ್ಲಿ ನಮ್ಮ ಜಿಲ್ಲೆಯ ಗುರ್ಲಾಪುರ ಕ್ರಾಸಿನಲ್ಲಿ ರೈತರು ಟನ್ನಿಗೆ 3,500 ಬೇಕೆಂದು ರಸ್ತೆಯಲ್ಲೇ ಕೂತು, 3,300ಕ್ಕೆ ಎದ್ದರು. ಆಗ ನೋಡಿ, ಇಷ್ಟು ವರ್ಷ ಕಾಣದ ಸಿಪ್ಪೆ ಕರೆಂಟು ತಟ್ಟನೆ ಕಂಡಿತು: ಯೂನಿಟ್ಟಿಗೆ ಸಿಗುವ ದರ ಸಾಲದು, ನಾವೆಲ್ಲಿಂದ ಕೊಡೋಣ ಎಂದು ಮಾಲೀಕರ ಗೋಳು. ಲಾಭದಲ್ಲಿ ಅಡಗಿ ಕೂತು ನಷ್ಟಕ್ಕೆ ಮಾತ್ರ ಸಾಕ್ಷಿ ಹೇಳುವ ಇಂಥ ಕರೆಂಟು ಬೇರೆಲ್ಲೂ ಸಿಗಲಾರದು.

ಕಿತ್ತೂರಿನ ಕಡೆ ರೈತನೊಬ್ಬ ಲೈನ್‌ಮನ್ನನ್ನು ಕೇಳಿದನಂತೆ: ‘ತಮ್ಮಾ, ನನ್ನ ಕಬ್ಬಿನ ಸಿಪ್ಪಿ ಕರೆಂಟ ನನ್ನ ಪಂಪಿಗೆ ಹಗಲಿ ಯಾಕ ಬರೂದಿಲ್ಲ? ನಡುರಾತ್ರಿ ಬ್ಯಾಟರಿ ಹಿಡ್ಕೊಂಡು ನೀರ ಹಾಯಿಸಬೇಕೇನ?’

‘ಅದು ಗ್ರಿಡ್ಡಿಗೆ ಹೋಗತೈತ್ರಿ ಯಜಮಾನ್ರ.’

‘ಗ್ರಿಡ್ಡ ಎಲ್ಲೈತಿ?’

‘ನಿಮ್ಮ ಬಾಕಿ ಬಿಲ್ಲ ಎಲ್ಲೈತಿ ಅಂತ ಕೇಳ್ರಿ, ಅದ ನನಗ ಗೊತ್ತೈತಿ.’