ನಿವೃತ್ತ ಯೋಧರ ಸತ್ಕಾರ: ಬಳಕೆದಾರರ ಕೈಪಿಡಿ

(ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ ಮತ್ತು ಚಿಂಚೋಳಿ ಭಾಗದ ಬಳಕೆಗೆ ಮಾತ್ರ. ಮೆರವಣಿಗೆ ಹೊರಡಿಸುವ ಮುನ್ನ ಪೂರ್ತಿ ಓದಿಕೊಳ್ಳಿ.)

1. ಬೇಕಾಗುವ ಸಾಮಗ್ರಿ

ತೆರೆದ ಜೀಪು ಒಂದು. ಸಿಗದಿದ್ದರೆ ಟ್ರ್ಯಾಕ್ಟರ್ ನಡೆಯುತ್ತದೆ. ತೊಗರಿ ರಾಶಿಯ ದಿನಗಳಾದರೆ ಅದಕ್ಕೂ ಮೊದಲೇ ಹೇಳಿಡಬೇಕು. ಹಲಗಿ ಮೇಳ, ಗುಲಾಲು, ಹಾರ, ಶಾಲು, ಬಂದವರಿಗೆ ಸುಸಲಾ-ಮಿರ್ಚಿ. ಜೊತೆಗೆ ಫ್ಲೆಕ್ಸ್. ಸ್ವಾಗತ ಕೋರುವವರ ಫೋಟೊಗಳೆಲ್ಲ ಕುಳಿತ ಮೇಲೆ ಜಾಗ ಉಳಿದರೆ ಫ್ಲೆಕ್ಸಿನಲ್ಲಿ ಯೋಧರ ಫೋಟೊ ಕೂಡ ಹಾಕಬಹುದು.

2. ಬರಮಾಡಿಕೊಳ್ಳುವ ಕ್ರಮ

ಯೋಧರು ಯಾವ ಗಾಡಿಗೆ ಬರುತ್ತಾರೆಂದು ಮೊದಲು ಖಾತ್ರಿ ಮಾಡಿಕೊಳ್ಳಿ. ಮುಂಬೈ-ಚೆನ್ನೈ ಮಾರ್ಗದಿಂದ ಸಿಕಂದರಾಬಾದ್ ದಾರಿ ಕವಲೊಡೆಯುವುದು ವಾಡಿ ಜಂಕ್ಷನ್ನಿನಲ್ಲಿ. 1874ರಲ್ಲಿ ನಿಜಾಮರ ರಾಜ್ಯಕ್ಕೆಂದು ತೆರೆದ ಈ ಹಳಿಯೇ ಚಿತ್ತಾಪುರ, ಸೇಡಂಗಳನ್ನು ದೊಡ್ಡ ದಂಡಿನ ಊರಾದ ಸಿಕಂದರಾಬಾದಿಗೆ ಇಂದಿಗೂ ಜೋಡಿಸಿದೆ. ಚಿಂಚೋಳಿಯವರಿಗೆ ರೈಲಿಲ್ಲ, ಅಲ್ಲಿನ ಯೋಧರು ತಾಂಡೂರಿನಲ್ಲೋ ಕಲಬುರಗಿಯಲ್ಲೋ ಇಳಿದು ಬಸ್ ಹಿಡಿಯುತ್ತಾರೆ. ಗಾಡಿ ತಡವಾದರೆ ಹಾರ ಬಾಡುತ್ತದೆ. ಭಾಷಣಕ್ಕೆ ಆ ಭಯವಿಲ್ಲ.

3. ಸಭೆ ನಡೆಸುವ ಕ್ರಮ

ಗಣ್ಯರಿಗೆ ತಲಾ ಇಪ್ಪತ್ತು ನಿಮಿಷ, ಯೋಧರಿಗೆ ಎರಡು ನಿಮಿಷ ಎಂಬುದು ಚಾಲ್ತಿಯಲ್ಲಿರುವ ಪದ್ಧತಿ. ಭಾಷಣಕಾರರು ಯೋಧರನ್ನು ಕಾರ್ಗಿಲ್ ಶಿಖರ ಹತ್ತಿಸದೆ ಬಿಡುವುದಿಲ್ಲ. ಈಗಷ್ಟೇ ನಿವೃತ್ತರಾಗಿ ಬಂದ ಸಿಪಾಯಿ 1999ರಲ್ಲಿ ಕನ್ನಡ ಸಾಲಿಯ ಐದನೇ ಇಯತ್ತೆಯಲ್ಲಿ ಮಗ್ಗಿ ಹೇಳುತ್ತಿದ್ದಿರಬಹುದು ಎಂಬ ಲೆಕ್ಕ ವೇದಿಕೆಯ ಮೇಲೆ ಯಾರಿಗೂ ಹೊಳೆಯುವುದಿಲ್ಲ. ಫೌಜಿನಲ್ಲಿ ಲಾರಿ ಎಂಜಿನ್ ಬಿಚ್ಚಿ ಜೋಡಿಸಿದವರಿದ್ದಾರೆ, ನೂರಾರು ಜನರಿಗೆ ಅಡುಗೆ ಮಾಡಿದವರಿದ್ದಾರೆ, ಹಿಮದಲ್ಲಿ ತಂತಿ ಎಳೆದವರಿದ್ದಾರೆ. ‘ಅಲ್ಲಿ ನಿಮ್ಮ ಕೆಲಸ ಏನಿತ್ರಿ?’ ಎಂದು ಒಂದು ಮಾತು ಕೇಳಿ ಆಮೇಲೆ ಮೈಕ್ ಹಿಡಿದರೆ ಸಾಕು.

ಎಚ್ಚರಿಕೆ: ‘ಎಷ್ಟ ಮಂದಿಗಿ ಹೊಡದೀರಿ?’ ಎಂದು ಯಾವ ಕಾರಣಕ್ಕೂ ಕೇಳಬಾರದು.

4. ನೆನಪಿಡಬೇಕಾದ ದಿನಗಳು

ಸೆಪ್ಟೆಂಬರ್ 17: ದೇಶಕ್ಕೆ 1947ರಲ್ಲಿ ಬಂದ ಸ್ವಾತಂತ್ರ್ಯ ಈ ಭಾಗಕ್ಕೆ ಬಂದದ್ದು 1948ರಲ್ಲಿ, ಸೇನೆ ಐದು ದಿನ ಕಾರ್ಯಾಚರಣೆ ನಡೆಸಿ ನಿಜಾಮರು ಶರಣಾದ ಮೇಲೆ. ಕಲ್ಯಾಣ ಕರ್ನಾಟಕ ಉತ್ಸವದ ಧ್ವಜ ಹಾರಿಸುವಾಗ ಊರಿನ ಮಾಜಿ ಸೈನಿಕರಿಗೆ ಎದುರಿನ ಸಾಲಿನಲ್ಲಿ ಕುರ್ಚಿ ಹಾಕುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

ಡಿಸೆಂಬರ್ 7: 1949ರಿಂದ ನಡೆದುಬಂದ ಸಶಸ್ತ್ರ ಪಡೆಗಳ ಧ್ವಜ ದಿನ. ಚಿಕ್ಕ ಧ್ವಜವನ್ನು ಅಂಗಿಗೆ ಚುಚ್ಚಿಕೊಂಡರೆ ಮುಗಿಯಲಿಲ್ಲ, ನಿಧಿಯ ಡಬ್ಬಿಗೂ ಏನಾದರೂ ಹಾಕಬೇಕು.

ಜನವರಿ 14: ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದ ಕೊಡಗಿನ ಕೆ.ಎಂ. ಕಾರ್ಯಪ್ಪ 1953ರಲ್ಲಿ ನಿವೃತ್ತರಾದ ದಿನ, ಈಗ ಮಾಜಿ ಸೈನಿಕರ ದಿನ. ಆ ಹೊತ್ತಿಗೆ ನಮ್ಮಲ್ಲಿ ಭೋಗಿ-ಸಂಕ್ರಾಂತಿಯ ಗದ್ದಲ. ಹಾಗಾಗಿ ಪ್ರತ್ಯೇಕ ಖರ್ಚಿಲ್ಲ: ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಭಜ್ಜಿ ಪಲ್ಯ ಒಂದು ತಾಟಿನಲ್ಲಿ ಮುಚ್ಚಿಕೊಂಡು ಅವರ ಮನೆಗೆ ಹೋಗಿ ಬನ್ನಿ.

5. ಸತ್ಕಾರದ ಮರುದಿನದಿಂದ ಮುಂದೆ

ಬಹಳಷ್ಟು ಊರುಗಳ ಕೈಪಿಡಿಯಲ್ಲಿ ಈ ಪುಟವೇ ಇಲ್ಲ. ಸಿಪಾಯಿ ದರ್ಜೆಯವರಿಗೆ ಪಿಂಚಣಿ ಸಿಗಲು 15 ವರ್ಷ ಸೇವೆ ಸಾಕು. ಇಪ್ಪತ್ತರ ಒಳಗೆ ಸೇರಿದವರು ನಲವತ್ತಕ್ಕೆ ಮೊದಲೇ ಊರಲ್ಲಿರುತ್ತಾರೆ. ಸತ್ಕಾರ ಮೂರು ತಾಸಿನದು, ಆಮೇಲೆ ಉಳಿಯುವುದು ಮೂವತ್ತು-ನಲವತ್ತು ವರ್ಷ. ಆ ವರ್ಷಗಳ ಬಹುಪಾಲು ಕಾಗದಪತ್ರದ್ದು.

ಅ) ಹೆಸರು: ಡಿಸ್ಚಾರ್ಜ್ ಬುಕ್ಕಿನಲ್ಲಿ ಒಂದು, ಆಧಾರಿನಲ್ಲಿ ಇನ್ನೊಂದು, ಶಾಲೆಯ ಟಿ.ಸಿ.ಯಲ್ಲಿ ಮತ್ತೊಂದು. ಹೆಂಡತಿಗೆ ತವರಿನಲ್ಲಿ ಒಂದು ಹೆಸರು, ಮದುವೆಯಾದ ಮೇಲೆ ಒಂದು. ಯೋಧರು ಬದುಕಿರುವಾಗ ಇದು ನಗೆಚಾಟಿಕೆ. ಅವರು ಹೋದ ಮೇಲೆ ಕುಟುಂಬ ಪಿಂಚಣಿ ನಿಲ್ಲುವುದೇ ಈ ಒಂದಕ್ಷರದ ಮುಂದೆ. ಓಣಿಯಲ್ಲಿ ಇಂಗ್ಲಿಷ್ ಓದಲು ಬರುವ ಹುಡುಗ-ಹುಡುಗಿಯರು ಒಂದು ಭಾನುವಾರ ಕುಳಿತು ಎಲ್ಲ ಕಾಗದ ತಾಳೆ ನೋಡಿಕೊಟ್ಟರೆ ಅದಕ್ಕಿಂತ ಬೆಚ್ಚನೆಯ ಶಾಲು ಬೇರೆ ಇಲ್ಲ.

ಆ) ಜೀವಂತ ಪ್ರಮಾಣಪತ್ರ: ವರ್ಷಕ್ಕೊಮ್ಮೆ ತಾನು ಬದುಕಿದ್ದೇನೆಂದು ಸರ್ಕಾರಕ್ಕೆ ತಿಳಿಸಬೇಕು. ಸಿಎಸ್‌ಸಿ ಕೇಂದ್ರದಲ್ಲಿ ಮಷೀನಿನ ಮೇಲೆ ಹೆಬ್ಬೆಟ್ಟು ಒತ್ತುತ್ತಾರೆ. ಹೊಲದ ಕೆಲಸಕ್ಕೆ ರೇಖೆ ಸವೆದ ಬೆರಳು. ಕೆಂಪು ದೀಪ.

‘ಕಾಕಾ, ಹಿಡೀವಲ್ದ್ರಿ. ಜರಾ ಕೈ ಒರಸಿ ಮತ್ತ ಒತ್ರಿ.’

‘ಇಪ್ಪತ್ತ ವರ್ಷ ಬಂದೂಕ ಹಿಡದ ಕೈ ಅದ ಇದು ತಮ್ಮಾ. ನಿನ್ನ ಮಷೀನಿಗಿ ಏನ ಧಾಡಿ?’

ಬೆರಳು ಕೈಕೊಟ್ಟರೆ ಮುಖ ತೋರಿಸಿ ಮೊಬೈಲಿನಲ್ಲೇ ಇದನ್ನು ಮುಗಿಸಬಹುದು. ಮನೆಯಲ್ಲಿರುವ ಮುದುಕರಿಗೆ, ವೀರಪತ್ನಿಯರಿಗೆ ಅಷ್ಟು ಮಾಡಿಕೊಡಲು ಮೆರವಣಿಗೆಯಲ್ಲಿ ಕುಣಿದವರ ಪೈಕಿ ಒಬ್ಬರು ಬಂದರೆ ಸಾಕು.

ಇ) ಜಮೀನು: 1969ರ ಕರ್ನಾಟಕ ಭೂ ಮಂಜೂರಾತಿ ನಿಯಮಗಳಲ್ಲಿ ಸೈನಿಕರಿಗೆ, ಮಾಜಿ ಸೈನಿಕರಿಗೆ ಶೇ 10 ಮೀಸಲು ಇದೆ. ಆದರೆ ನಿಯಮವಿದ್ದಲ್ಲಿ ಜಮೀನಿರಬೇಕೆಂದಿಲ್ಲ, ಜಮೀನಿದ್ದಲ್ಲಿ ಅದು ಖಾಲಿ ಇರಬೇಕೆಂದಿಲ್ಲ. ಅರ್ಜಿ ತಹಸೀಲಿಗೆ ಹೋಗುತ್ತದೆ, ಯೋಧರೂ ಅದರ ಹಿಂದೆ ಹೋಗುತ್ತಾರೆ, ‘ಮುಂದಿನ ವಾರ ಬರ್ರಿ’ ಎಂದು ಹೇಳಿಸಿಕೊಂಡು ವಾಪಸಾಗುತ್ತಾರೆ. ವೇದಿಕೆಯ ಮೇಲೆ ಶಾಲು ಹೊದಿಸಿದ ಗಣ್ಯರು ಆ ವಾರ ಅವರ ಜೊತೆ ಹೋಗಿ ಬಾಕಿನ ಮೇಲೆ ಕೂಡಬೇಕು. ಮಾತಾಡುವುದು ಬೇಡ, ಕುಳಿತರೆ ಸಾಕು.

6. ಪದೇ ಪದೇ ಕಂಡುಬರುವ ದೋಷಗಳು

ದೋಷ: ಯೋಧರು ಯುದ್ಧದ ಕಥೆ ಹೇಳುವುದಿಲ್ಲ.
ಪರಿಹಾರ: ತೊಗರಿಗೆ ಬಿದ್ದ ನೆಟೆ ರೋಗದ ಮಾತು ತೆಗೆಯಿರಿ. ಅವರೂ ರೈತರೇ, ಚೆನ್ನಾಗಿ ಮಾತಾಡುತ್ತಾರೆ.

ದೋಷ: ‘ಕಾಕಾ, ಕ್ಯಾಂಟೀನ್ ಕೋಟಾ ಏನರ ಉಳದದ ಏನ್ರಿ?’ ಎಂಬ ವಾಕ್ಯ ಬಾಯಿಗೆ ತಾನಾಗಿ ಬರುತ್ತದೆ.
ಪರಿಹಾರ: ಇದು ಬಳಕೆದಾರರ ದೋಷ. ಯೋಧರಿಗೆ ಸಂಬಂಧವಿಲ್ಲ.

ದೋಷ: ನಸುಕಿನಲ್ಲೇ ಎದ್ದು ಓಣಿಯ ಹುಡುಗರನ್ನು ರಸ್ತೆಯಲ್ಲಿ ಓಡಿಸುತ್ತಾರೆ.
ಪರಿಹಾರ: ದುರಸ್ತಿ ಬೇಕಿಲ್ಲ. ಭರ್ತಿಗೆ ಹೋಗುವ ಹುಡುಗರಿಗೆ ಇದು ಪುಕ್ಕಟೆ ತರಬೇತಿ. ನಾಯಿಗಳನ್ನು ಮಾತ್ರ ಕಟ್ಟಿಹಾಕಿ.

7. ಹೊಸ ಮಾದರಿಯ ಕುರಿತು ಸೂಚನೆ

ಹೀಗೆ ಓಡಿ ಭರ್ತಿಯಾಗುವ ಹುಡುಗರು 2022ರಿಂದ ಅಗ್ನಿವೀರರು. ನಾಲ್ಕು ವರ್ಷದ ಸೇವೆ, ಆಮೇಲೆ ಕಾಯಂ ಆಗುವವರು ಹೆಚ್ಚೆಂದರೆ ಶೇ 25. ಉಳಿದವರು ಸುಮಾರು 11.7 ಲಕ್ಷ ರೂಪಾಯಿಯ ಸೇವಾ ನಿಧಿ ಹಿಡಿದು ಇಪ್ಪತ್ತೈದರ ಆಸುಪಾಸಿನಲ್ಲಿ ಊರಿಗೆ ಮರಳುತ್ತಾರೆ. ಯೋಜನೆಯ ಷರತ್ತುಗಳ ಪ್ರಕಾರ ಅವರಿಗೆ ಪಿಂಚಣಿಯಿಲ್ಲ, ಕ್ಯಾಂಟೀನಿಲ್ಲ, ‘ಮಾಜಿ ಸೈನಿಕ’ ಎಂಬ ಸ್ಥಾನಮಾನವೂ ಇಲ್ಲ. ಐದನೇ ಭಾಗದಲ್ಲಿ ಹೇಳಿದ ಪಿಂಚಣಿಯ ಕಾಗದಗಳೇ ಅವರ ಬಳಿ ಇರುವುದಿಲ್ಲ.

ಆದ್ದರಿಂದ ಈ ಕೈಪಿಡಿ ಅವರಿಗೆ ಅರ್ಧ ಮಾತ್ರ ಅನ್ವಯ. ಸಿಮೆಂಟ್ ಕಾರ್ಖಾನೆ, ಕಲ್ಲುಗಣಿ, ದಾಲ್ ಮಿಲ್ಲುಗಳಿರುವ ಸೀಮೆ ನಮ್ಮದು. ಅವರು ಗಾಡಿ ಇಳಿಯುವ ಮುನ್ನ ಊರಿನವರು ಕುಳಿತು ಎರಡು ಪಟ್ಟಿ ಮಾಡಬೇಕು: ಕೆಲಸ ಕೊಡಬಲ್ಲವರದು ಒಂದು, ವೇದಿಕೆಯ ಅತಿಥಿಗಳದು ಇನ್ನೊಂದು. ಮೊದಲನೆಯ ಪಟ್ಟಿಯಲ್ಲಿ ಹೆಸರಿಲ್ಲದವರನ್ನು ಎರಡನೆಯದಕ್ಕೆ ಸೇರಿಸುವಂತಿಲ್ಲ.